ಒಂದೇ ಲಾಳಿ, ಎರಡು ದೇಶ

ಬ್ರಿಟನ್ನಿನ ಬಟ್ಟೆ ಗಿರಣಿಗಳಲ್ಲಿ ಹೆಂಗಸರಿಗೆ 10 ಗಂಟೆ ದುಡಿಮೆಯ ಮಿತಿ ಬಂದಿದ್ದು 1847ರ ಕಾಯ್ದೆಯಿಂದ. ನಮ್ಮಲ್ಲಿ ಗಿರಣಿಯ ಗಂಡಾಳುಗಳಿಗೆ 12 ಗಂಟೆಯ ಮಿತಿ ಸಿಗೋಕೆ 1911ರ ಕಾಯ್ದೆ ಬೇಕಾಯ್ತು. ಈ ಹೋಲಿಕೆ ಎಲ್ಲರೂ ಮಾಡ್ತಾರೆ. ನಾನು ಹೇಳೋದು ಲಾಳಿಯ ವಿಷಯ.

ಹೊಸ ಕಂಡಿಕೆ ಹಾಕಿದಾಗೆಲ್ಲ ನೇಕಾರರು ಲಾಳಿಯ ಕಣ್ಣಿಗೆ ಬಾಯಿಟ್ಟು ನೂಲು ಹೀರಬೇಕಿತ್ತು. ಲ್ಯಾಂಕಾಶೈರಿನಲ್ಲೂ ಅಷ್ಟೇ, ಬಾಂಬೆಯಲ್ಲೂ ಅಷ್ಟೇ. ಅಲ್ಲಿ ಅದು ರೋಗ ಹರಡೋ ಪ್ರಶ್ನೆ. ಇಲ್ಲಿ ಮೈಲಿಗೆಯ ಪ್ರಶ್ನೆ! ನಮ್ಮವರ ಬಾಯಿ ತಾಗಿದ ಲಾಳಿ ಮುಟ್ಟಲ್ಲ ಅಂತ ಮೇಲ್ಜಾತಿ ಕಾರ್ಮಿಕರೇ (ಮಾಲೀಕರಲ್ಲ, ಗಮನಿಸಿ) ನಮ್ಮನ್ನು ನೇಯ್ಗೆ ವಿಭಾಗದಿಂದ ಹೊರಗಿಟ್ಟರು. ಹೆಚ್ಚು ಕೂಲಿ ಇದ್ದದ್ದು ಅಲ್ಲೇ. 1928ರ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬರು ಕಾರ್ಮಿಕ ನಾಯಕರ ಮುಂದೆ ಎತ್ತಿದ್ದು ಇದನ್ನೇ.

ಅವರು ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ, ವಾರಕ್ಕೆ 48 ಗಂಟೆಯ ತಿದ್ದುಪಡಿ ಪಾಸಾಯ್ತು. ಲಾಳಿ ಮುಟ್ಟಲ್ಲ ಅಂದವರಿಗೂ ಸೇರಿ.