ಗರಡಿಯಿಂದ ವೇದಿಕೆಗೆ: ಕ್ರೀಡಾಪಟುಗಳ ಸ್ಫೂರ್ತಿ ಮಾತು ಬೆಳೆದುಬಂದ ಬಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಶಾಲೆ-ಕಾಲೇಜುಗಳ ಸ್ನೇಹ ಸಮ್ಮೇಳನಕ್ಕೆ ಸ್ಫೂರ್ತಿ ತುಂಬುವ ಭಾಷಣಕಾರರನ್ನು ಕರೆಸುವುದು ಈಗ ರೂಢಿ. ಅವರಲ್ಲಿ ಆಟದ ಮೈದಾನದಿಂದ ಬಂದವರ ಮಾತಿಗೆ ಹುಡುಗರು ಹೆಚ್ಚು ಕಿವಿಗೊಡುತ್ತಾರೆ. ಇದನ್ನು ಮಹಾನಗರಗಳಿಂದ ಬಂದ ಹೊಸ ಪದ್ಧತಿ ಎಂದುಕೊಳ್ಳಬೇಕಿಲ್ಲ. ಇದರ ಬೇರು ನಮ್ಮ ಗರಡಿಮನೆಗಳಲ್ಲೇ ಇದೆ.

ಕೃಷ್ಣಾ, ಘಟಪ್ರಭಾ ತೀರದ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ಕುಸ್ತಿ ಕಣ ಸಜ್ಜಾಗುತ್ತದೆ, ಹಲಗಿ ಮೊಳಗುತ್ತದೆ. ಆ ಒಂದು ದಿನದ ಹಿಂದೆ ವರ್ಷವಿಡೀ ನಡೆದ ಸಾಧನೆ ಇರುತ್ತದೆ. ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಕೆಂಪು ಮಣ್ಣನ್ನು ಹುಡುಗರು ನಸುಕಿನಲ್ಲೇ ಅಗೆದು ಸಡಿಲಿಸಿ, ಹನುಮಂತನಿಗೆ ಕೈಮುಗಿದು ತಾಲೀಮಿಗೆ ಇಳಿಯುತ್ತಾರೆ. ಅಲ್ಲಿ ಕುಸ್ತಿ ಕಲಿಸುವ ಗುರು, ಅಂದರೆ ವಸ್ತಾದರ ಮಾತು ಕಡಿಮೆ. ಜಾತ್ರೆಯಲ್ಲಿ ಚಿತ್ ಆಗಿ ಬಂದವನಿಗೆ ಅವರು ಉಪದೇಶ ಮಾಡುವುದಿಲ್ಲ. ಅವನನ್ನು ಕೆಡವಿದ ಅದೇ ಪಟ್ಟನ್ನು ಜೊತೆಗಾರನಿಂದ ಮತ್ತೆ ಮತ್ತೆ ಹಾಕಿಸಿ, ಬಿಡಿಸಿಕೊಳ್ಳುವುದನ್ನು ಕಲಿಸುತ್ತಾರೆ. ‘ಕೈ ಎಲ್ಲಿ ಸಡಲ್ತು ನೋಡು’ ಎಂಬಷ್ಟು ಮಾತು ಸಾಕು. ಸೋಲನ್ನು ಬಿಡಿಸಿ ನೋಡುವ ಈ ಪಾಠವೇ ಕ್ರೀಡಾಪಟುವಿನ ಸ್ಫೂರ್ತಿ ಮಾತಿನ ಮೂಲ ಬಂಡವಾಳ.

ಎರಡನೆಯ ಹಂತದಲ್ಲಿ ಪೈಲವಾನರ ಬದುಕೇ ಕಥೆಯಾಗಿ ಊರೂರು ಸುತ್ತಿತು. 1959ರಲ್ಲಿ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದವರು. ಆಮೇಲೆ ಅವರು ಕೊಲ್ಹಾಪುರದಲ್ಲಿ ವಸ್ತಾದರಾಗಿ ಎಷ್ಟೋ ಪೈಲವಾನರನ್ನು ಬೆಳೆಸಿದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಕರಾಡ ಬಳಿಯ ಖಾಶಾಬಾ ಜಾಧವ ಅವರ ಕಥೆಯೂ ಗಡಿ ದಾಟಿ ಬಂತು. ಅವರನ್ನು ಒಲಿಂಪಿಕ್ಸ್‌ಗೆ ಕಳಿಸಲು ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ 7,000 ರೂಪಾಯಿಗೆ ಒತ್ತೆ ಇಟ್ಟಿದ್ದರು. ಗೆದ್ದವನ ಜೊತೆಗೆ ಅವನ ಬೆನ್ನಿಗೆ ನಿಂತವರನ್ನೂ ನೆನೆಯಬೇಕು ಎಂಬುದನ್ನು ಈ ಕಥೆ ಕಲಿಸಿತು.

ಮುಂದೆ ಬೆಂಗಳೂರಿನ ಕಂಪನಿಗಳು ಬೆಳೆದಂತೆ ಆಟಗಾರರ ಮಾತು ಸಭಾಂಗಣಗಳಿಗೆ ಕಾಲಿಟ್ಟಿತು. 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದಿದ್ದರೂ ಬ್ಯಾಂಡೇಜು ಸುತ್ತಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾ ವಿಕೆಟ್ ಪಡೆದ ಕ್ರಿಕೆಟಿಗ ಅನಿಲ್ ಕುಂಬ್ಳೆ ಇಂಥ ಸಭೆಗಳ ಅಚ್ಚುಮೆಚ್ಚಿನ ಉದಾಹರಣೆಯಾದರು. 2011ರಲ್ಲಿ ಕ್ಯಾನ್‌ಬೆರಾದಲ್ಲಿ ಬ್ರಾಡ್ಮನ್ ಉಪನ್ಯಾಸ ನೀಡಿದ ರಾಹುಲ್ ದ್ರಾವಿಡ್, ಆ ಗೌರವ ಪಡೆದ ಮೊದಲ ಹೊರದೇಶದ ಆಟಗಾರ. ಸಣ್ಣ ಊರುಗಳಿಂದ ಬಂದ ಜೊತೆಗಾರರ ಹಾದಿಯನ್ನು ಅವರು ಅಲ್ಲಿ ಸಮಾಧಾನದ ದನಿಯಲ್ಲಿ ವಿವರಿಸಿದರು. ಅಬ್ಬರವಿಲ್ಲದೆಯೂ ಹುರುಪು ತುಂಬಬಹುದು ಎಂಬುದಕ್ಕೆ ಆ ಭಾಷಣ ಮಾದರಿ.

ಈ ಕ್ಷೇತ್ರಕ್ಕೆ ಹೆಚ್ಚಿನ ಆಳ ಕೊಟ್ಟವರು ಪ್ಯಾರಾ ಕ್ರೀಡಾಪಟುಗಳು. ಎಳವೆಯಲ್ಲೇ ಜ್ವರದಿಂದ ದೇಹ ಸ್ವಾಧೀನ ತಪ್ಪಿ, ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಿಗೆ ಒಳಗಾದ ಮಾಲತಿ ಹೊಳ್ಳ ಅವರು ಅರ್ಜುನ, ಪದ್ಮಶ್ರೀ ಗೌರವ ಪಡೆದರು. ಮಾತೃ ಫೌಂಡೇಶನ್ ಮೂಲಕ ಅಂಗವಿಕಲ ಮಕ್ಕಳಿಗೆ ಆಸರೆಯಾದರು. ಹೇಳಿದ್ದನ್ನು ಮಾಡಿ ತೋರಿಸಿದ ಬದುಕು ಅದು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ ಬೆಳ್ಳಿ ಗೆದ್ದರು. ಅಂಧರ ಕ್ರಿಕೆಟ್ ತಂಡದ ನಾಯಕರಾಗಿ ಶಿವಮೊಗ್ಗದ ಶೇಖರ್ ನಾಯ್ಕ್ ವಿಶ್ವಕಪ್ ತಂದರು. ಇವರನ್ನು ಕಂಡ ಮೇಲೆ ‘ಅನುಕೂಲ ಇಲ್ಲ’ ಎಂಬ ನೆಪ ಹೇಳಲು ಬಾಯಿ ಬರುವುದಿಲ್ಲ.

ತೀರ ಈಚಿನ ತಿರುವು ಮನಸ್ಸಿನ ನೋವಿನದು. ತಮ್ಮನ್ನು ಕಾಡಿದ ಖಿನ್ನತೆಯನ್ನೂ ಆತ್ಮಹತ್ಯೆಯ ಯೋಚನೆಗಳನ್ನೂ ಕ್ರಿಕೆಟಿಗ ರಾಬಿನ್ ಉತ್ತಪ್ಪ 2020ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ‘ಗಟ್ಟಿಯಾಗಿರು’ ಎಂಬ ಹಳೆಯ ಮಾತಿನ ಪಕ್ಕದಲ್ಲಿ ‘ಸಹಾಯ ಕೇಳು’ ಎಂಬ ಮಾತೂ ಬಂದು ನಿಂತಿತು. ಪರೀಕ್ಷೆಯ ಭಯದಲ್ಲಿ ನರಳುವ ನಮ್ಮ ಮಕ್ಕಳಿಗೆ ಇದು ಬಹಳ ಬೇಕಾದದ್ದು.

ಈಗ ಮೊಬೈಲಿನಲ್ಲಿ ಸ್ಫೂರ್ತಿ ಮಾತಿಗೆ ಬರವಿಲ್ಲ. ಹತ್ತಿರದವರ ಮಾತಿಗೆ ಮಾತ್ರ ಬರ. 2020ರ ಏಷ್ಯನ್ ಚಾಂಪಿಯನ್‌ಷಿಪ್‌ನ ಗ್ರೀಕೊ-ರೋಮನ್ ಕುಸ್ತಿಯಲ್ಲಿ ಕಂಚು ಗೆದ್ದ ಅರ್ಜುನ ಹಲಕುರ್ಕಿ ನಮ್ಮ ಬಾಗಲಕೋಟೆ ಜಿಲ್ಲೆಯವರೇ. 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಕಿತ್ತ ರಾಜೇಶ್ವರಿ ಗಾಯಕವಾಡ ಪಕ್ಕದ ವಿಜಯಪುರದವರು. ಈ ಎರಡೂ ಜಿಲ್ಲೆಗಳ ರಸ್ತೆಗಳಲ್ಲಿ ಪಳಗಿದ ಸೈಕ್ಲಿಸ್ಟ್‌ಗಳು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದ್ದಾರೆ. ಬನಹಟ್ಟಿಯ ನೇಕಾರರ ಮಗಳಿಗೆ, ಮುಧೋಳದ ಕಬ್ಬಿನ ಗದ್ದೆಯ ಹುಡುಗನಿಗೆ ಇಂಥವರ ಮಾತು ನೇರ ಎದೆಗೆ ತಾಗುತ್ತದೆ. ಅದೇ ನೀರು, ಅದೇ ರೊಟ್ಟಿ, ಅದೇ ಭಾಷೆ.

ಆದ್ದರಿಂದ ಕರೆಸುವವರು ಎರಡು ವಿಷಯ ಗಮನಿಸಲಿ. ಭಾಷಣಕಾರರು ಗೆದ್ದ ದಿನಕ್ಕಿಂತ ಸೋತ ದಿನ ಏನು ಮಾಡಿದರೆಂದು ಹೇಳಲಿ. ಭಾಷಣದ ಮರುದಿನ ಮಕ್ಕಳು ಹೋಗಲು ಒಂದು ಗರಡಿ, ಒಂದು ಮೈದಾನ, ಒಬ್ಬ ದೈಹಿಕ ಶಿಕ್ಷಕರು ಇರಲಿ. ಹಾರ-ಶಾಲಿಗೆ ಖರ್ಚು ಮಾಡುವ ಸಂಸ್ಥೆ ಅದರ ಜೊತೆಗೆ ಒಂದು ಕುಸ್ತಿ ಮ್ಯಾಟನ್ನೂ ತರಿಸಿದರೆ, ಆ ದಿನದ ಮಾತಿಗೆ ವರ್ಷವಿಡೀ ಬೆಲೆ ಬರುತ್ತದೆ.