ಬದಲಿಯವನ ಓಟ: ಕೂಪರೇಜ್‌ನಿಂದ ಅಂಧೇರಿಯವರೆಗೆ

ಮುಂಬಯಿಯ ಹಳೆಯ ತಲೆಮಾರಿನವರಿಗೆ ‘ಬದಲಿ’ ಎಂಬ ಪದ ಮೊದಲು ಪರಿಚಯವಾದದ್ದು ಬಟ್ಟೆಗಿರಣಿಗಳ ಬಾಗಿಲಿನಲ್ಲಿ. ಕಾಯಂ ಕಾರ್ಮಿಕನೊಬ್ಬ ಗೈರುಹಾಜರಾದರೆ ಅವನ ಮಗ್ಗದ ಮುಂದೆ ನಿಲ್ಲಲು ನಸುಕಿನಲ್ಲೇ ಬಂದು ಕಾಯುತ್ತಿದ್ದವನು ಬದಲಿ. ಯಾರು ಒಳಗೆ ಹೋಗಬೇಕೆಂಬುದು ಜಾಬರನ ಮರ್ಜಿಗೆ ಬಿಟ್ಟದ್ದು. ಆ ಮರ್ಜಿಗೆ ಕಡಿವಾಣ ಹಾಕಲೆಂದು 1935ರಲ್ಲಿ ಗಿರಣಿ ಮಾಲೀಕರ ಸಂಘ ಬದಲಿಗಳನ್ನು ನೋಂದಾಯಿಸುವ ಪದ್ಧತಿಯನ್ನು ತಂದಿತು. ಬದಲಿಗಳನ್ನು ಕಾಯಂಗೊಳಿಸಬೇಕೆಂಬುದು 1982ರ ಮಹಾಮುಷ್ಕರದ ಬೇಡಿಕೆಗಳಲ್ಲಿಯೂ ಒಂದಾಗಿತ್ತು. ಇಂದು ಇದೇ ಪದವನ್ನು ನಾವು ಫುಟ್‌ಬಾಲ್ ಅಂಗಳದ ಹನ್ನೆರಡನೆಯವನಿಗೂ ಬಳಸುತ್ತೇವೆ. ಅವನ ಚರಿತ್ರೆ ಗಿರಣಿಯ ಬದಲಿಯ ಚರಿತ್ರೆಗಿಂತ ಈಚಿನದು. ಆದರೆ ಎರಡರಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಅವನ ದುಡಿಮೆಯನ್ನು ಅಳೆಯುವುದು ಹೇಗೆ?

ಮುಂಬಯಿಯಲ್ಲಿ ರೋವರ್ಸ್ ಕಪ್ ಆರಂಭವಾದದ್ದು 1891ರಲ್ಲಿ. ಹಲವು ದಶಕಗಳ ಕಾಲ ಬ್ರಿಟಿಷ್ ಸೈನಿಕ ಪಡೆಗಳ ಸ್ವತ್ತಾಗಿದ್ದ ಆ ಕಪ್ಪನ್ನು ಮೊದಲಿಗೆ ಕಿತ್ತುಕೊಂಡ ಭಾರತೀಯ ತಂಡ ಕನ್ನಡನಾಡಿನದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದಿತು, ಮರುವರ್ಷವೂ ಗೆದ್ದಿತು. ಅಂದು ಕಣಕ್ಕಿಳಿದ ಹನ್ನೊಂದು ಮಂದಿಯೇ ಕೊನೆಯ ಸೀಟಿಯವರೆಗೂ ಆಡಬೇಕಿತ್ತು. ಕಾಲು ಉಳುಕಿದರೆ ಕುಂಟುತ್ತ ಆಡಬೇಕು, ಇಲ್ಲವೇ ತಂಡ ಹತ್ತು ಜನರಲ್ಲಿ ಹೋರಾಡಬೇಕು.

ನಮ್ಮ ದೇಶೀಯ ಪಂದ್ಯಗಳು ಆಗ 70 ನಿಮಿಷಗಳವು. ಅಂತಾರಾಷ್ಟ್ರೀಯ ಪಂದ್ಯಗಳು 90 ನಿಮಿಷಗಳವು. ಬೆಂಗಳೂರಿನ ಅಹಮದ್ ಖಾನ್ ಅವರಿದ್ದ ಭಾರತ ತಂಡ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿಗೆ 1-2ರಿಂದ ಸೋತದ್ದು ಆಟ ಮುಗಿಯುವ ಹೊತ್ತಿಗೆ ಬಿದ್ದ ಗೋಲಿನಿಂದ. ಸೋಲನ್ನು ದಣಿವಿನ ತಲೆಗೇ ಕಟ್ಟುವುದು ಸರಿಯಲ್ಲ. ನಮ್ಮವರು ಎರಡು ಪೆನಾಲ್ಟಿಗಳನ್ನು ಕಳೆದುಕೊಂಡಿದ್ದರು. ಆದರೂ ಮನೆಯಲ್ಲಿ ರೂಢಿಯಿಲ್ಲದ ಇಪ್ಪತ್ತು ನಿಮಿಷಗಳನ್ನು ಅವರು ಬದಲಿಯಿಲ್ಲದೆ ಓಡಬೇಕಾಗಿತ್ತೆಂಬುದನ್ನು ಮರೆಯಲಾಗದು.

ಈ ಕಟ್ಟುಪಾಡಿನ ಬೆಲೆಯನ್ನು ಜಗತ್ತು ಕಂಡದ್ದು ತಡವಾಗಿ. 1956ರ ಎಫ್‌ಎ ಕಪ್ ಅಂತಿಮ ಪಂದ್ಯದಲ್ಲಿ ಮ್ಯಾಂಚೆಸ್ಟರ್ ಸಿಟಿಯ ಗೋಲ್‌ಕೀಪರ್ ಬರ್ಟ್ ಟ್ರಾಟ್‌ಮನ್ ಕತ್ತಿನ ಮೂಳೆ ಮುರಿದುಕೊಂಡೇ ಆಟ ಮುಗಿಸಿದರು. 1966ರ ವಿಶ್ವಕಪ್‌ನಲ್ಲಿ ಪೋರ್ಚುಗಲ್ ವಿರುದ್ಧ ಪೆಲೆ ಕುಂಟುತ್ತಲೇ ಉಳಿದರು. ಇಂಗ್ಲಿಷ್ ಲೀಗ್ 1965ರಲ್ಲಿ ಗಾಯಾಳುವಿಗೆ ಮಾತ್ರ ಒಬ್ಬ ಬದಲಿಯನ್ನು ಒಪ್ಪಿತು. ಎರಡು ವರ್ಷಗಳ ಬಳಿಕ ಯಾವ ಕಾರಣಕ್ಕಾದರೂ ಬದಲಿಸಬಹುದೆಂದಿತು. ವಿಶ್ವಕಪ್‌ನ ಅಂತಿಮ ಸುತ್ತಿನಲ್ಲಿ ಮೊದಲ ಬದಲಿ ಕಾಣಿಸಿಕೊಂಡದ್ದು 1970ರ ಮೆಕ್ಸಿಕೋದಲ್ಲಿ. 1995ರಲ್ಲಿ ಮೂವರು, ಕೊರೋನಾ ಕಾಲದ 2020ರಲ್ಲಿ ತಾತ್ಕಾಲಿಕವಾಗಿ ಐವರು, 2022ರಲ್ಲಿ ಅದೇ ನಿಯಮ ಸ್ಥಿರವಾಯಿತು. ಮನುಷ್ಯದೇಹಕ್ಕೆ ಮಿತಿಯುಂಟೆಂದು ಒಪ್ಪಿಕೊಳ್ಳಲು ಆಟ ಇಷ್ಟು ಕಾಲ ತೆಗೆದುಕೊಂಡಿತು.

ಓಟವನ್ನು ಅಳೆಯುವ ವಿದ್ಯೆಯೂ ಇದೇ ಅವಧಿಯಲ್ಲಿ ಬೆಳೆಯಿತು. 1976ರಲ್ಲಿ ರೈಲಿ ಮತ್ತು ಥಾಮಸ್ ಎಂಬ ಸಂಶೋಧಕರು ಇಂಗ್ಲಿಷ್ ಲೀಗ್‌ನ ಆಟಗಾರರು ಒಂದು ಪಂದ್ಯದಲ್ಲಿ ಸರಾಸರಿ 8.7 ಕಿಲೋಮೀಟರ್ ಕ್ರಮಿಸುತ್ತಾರೆಂದು ತೋರಿಸಿದರು. ಇಂದು ಪೂರ್ತಿ ಆಡುವವನ ಓಟ ಸಾಮಾನ್ಯವಾಗಿ 10ರಿಂದ 12 ಕಿಲೋಮೀಟರ್. ಆಟ ಸಾಗಿದಂತೆ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗುತ್ತದೆ. ಕೊನೆಯ ಕಾಲು ಗಂಟೆಯಲ್ಲಿ ವೇಗದ ಓಟ ಕುಗ್ಗುತ್ತದೆ. ಡೆನ್ಮಾರ್ಕಿನ ಮೋರ್, ಕ್ರುಸ್ಟ್ರುಪ್ ಮತ್ತು ಬ್ಯಾಂಗ್ಸ್‌ಬೊ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಕೊನೆಯ 15 ನಿಮಿಷಗಳಲ್ಲಿ ಬದಲಿ ಆಟಗಾರರು ಉಳಿದವರಿಗಿಂತ ಶೇಕಡ 25ರಷ್ಟು ಹೆಚ್ಚು ದೂರವನ್ನು ತೀವ್ರವೇಗದಲ್ಲಿ ಓಡಿದರು. ಪೂರ್ಣವೇಗದ ಓಟದಲ್ಲಿ ಈ ಅಂತರ ಶೇಕಡ 63.

ಒಟ್ಟು ದೂರವನ್ನಷ್ಟೇ ನೋಡಿದರೆ ಇಪ್ಪತ್ತು ನಿಮಿಷ ಆಡಿದವನ ಖಾತೆಯಲ್ಲಿ ಎರಡು, ಎರಡೂವರೆ ಕಿಲೋಮೀಟರ್ ಮಾತ್ರ ಕಾಣುತ್ತದೆ. ನಿಮಿಷಕ್ಕೆಷ್ಟು ಎಂದು ಕೇಳಿದಾಗ ಚಿತ್ರ ತಿರುಗುತ್ತದೆ. ಎಪ್ಪತ್ತು ನಿಮಿಷ ಬೆಂಚಿನ ಮೇಲೆ ಕುಳಿತು, ನಡುನಡುವೆ ಗೆರೆಯಾಚೆ ಮೈ ಬಿಸಿಮಾಡಿಕೊಂಡು, ಕರೆ ಬಂದೊಡನೆ ಅವನು ಆಟದ ಅತಿ ಬಿರುಸಿನ ಘಟ್ಟಕ್ಕೆ ಧುಮುಕಬೇಕು. ಇನ್ನೊಂದು ಸಂಕಟವೂ ಇದೆ: ವಾರದಿಂದ ವಾರಕ್ಕೆ ಪಂದ್ಯದ ಓಟ ಸಿಗದವನ ದೇಹ ಆ ಕಸುವನ್ನು ಮೆಲ್ಲಗೆ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಈಗ ವೃತ್ತಿಪರ ತಂಡಗಳಲ್ಲಿ ಪಂದ್ಯ ಮುಗಿದ ಮೇಲೆ ಬದಲಿಗಳನ್ನು ಪ್ರತ್ಯೇಕವಾಗಿ ಓಡಿಸುವ ರೂಢಿ. ಪ್ರೇಕ್ಷಕರು ಲೋಕಲ್ ಹಿಡಿಯಲು ಹೊರಟ ಹೊತ್ತಿನಲ್ಲಿ ನಡೆಯುವ ಆ ಓಟಕ್ಕೆ ಚಪ್ಪಾಳೆಯಿಲ್ಲ.

ಹಾಗೆಂದು ಮೊದಲಿನಿಂದ ಆಡಿದವನ ತಾಳ್ಮೆಯನ್ನು ಕಿರಿದುಮಾಡಬೇಕಾಗಿಲ್ಲ. ಮಲಾಡಿನಿಂದ ಕೆಲವೇ ನಿಲ್ದಾಣಗಳಾಚೆಯ ಅಂಧೇರಿಯ ಕ್ರೀಡಾಂಗಣದಲ್ಲಿ 2019ರ ಮಾರ್ಚ್ 17ರಂದು ಐಎಸ್‌ಎಲ್ ಅಂತಿಮ ಪಂದ್ಯ ನಡೆಯಿತು. ಐದು ಬದಲಿಗಳ ನಿಯಮ ಆಗಿನ್ನೂ ಬಂದಿರಲಿಲ್ಲ. ಮೊದಲಿನಿಂದಲೂ ಕಣದಲ್ಲಿದ್ದ ಮುಂಬಯಿಯ ಹುಡುಗ ರಾಹುಲ್ ಭೇಕೆ 117ನೆಯ ನಿಮಿಷದಲ್ಲಿ ಕಾರ್ನರ್ ಚೆಂಡಿಗೆ ಎಗರಿ ತಲೆಕೊಟ್ಟರು. ಬೆಂಗಳೂರು ಎಫ್‌ಸಿ ಗೋವಾವನ್ನು 1-0ರಿಂದ ಮಣಿಸಿ ಪ್ರಶಸ್ತಿ ಗೆದ್ದಿತು.

ಇಂಗ್ಲಿಷಿನ ‘ಸಬ್‌ಸ್ಟಿಟ್ಯೂಟ್’ ಪದದ ಲ್ಯಾಟಿನ್ ಮೂಲದಲ್ಲಿ ‘ಕೆಳಗೆ ಇರಿಸು’ ಎಂಬ ಅರ್ಥವಿದೆ. ಅರಬ್ಬಿಯಿಂದ ನಮ್ಮಲ್ಲಿಗೆ ಬಂದ ‘ಬದಲಿ’ಯಲ್ಲಿ ಇರುವುದು ವಿನಿಮಯದ ಅರ್ಥ. ಭೇಕೆಯಂಥವರ 117 ನಿಮಿಷಗಳನ್ನೂ ಬೆಂಚಿನಿಂದೆದ್ದು ಬಂದವನ ಇಪ್ಪತ್ತು ನಿಮಿಷಗಳನ್ನೂ ತೂಗುವಾಗ ಈ ಎರಡನೆಯ ಅರ್ಥವೇ ನ್ಯಾಯವಾದುದು. ಕಾಯುವುದೂ ದುಡಿಮೆಯ ಭಾಗವೆಂಬುದು ಗಿರಣಿಯ ಬಾಗಿಲಲ್ಲಿ ನಿಂತವರಿಗೆ ಬಹಳ ಹಿಂದೆಯೇ ಗೊತ್ತಿತ್ತು.