ಬ್ರಿಡ್ಜ್ ಆಟದಲ್ಲಿ ‘ಅಲರ್ಟ್’ ಮತ್ತು ‘ಘೋಷಣೆ’: ಯಾರು, ಯಾರಿಗೆ, ಯಾವಾಗ ಹೇಳಬೇಕು?

2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 60ರ ಹರೆಯದ ಪ್ರಣಬ್ ಬರ್ಧನ್ ಹಾಗೂ 56ರ ಶಿಬ್‌ನಾಥ್ ಸರ್ಕಾರ್ ಬ್ರಿಡ್ಜ್‌ನಲ್ಲಿ ಭಾರತಕ್ಕೆ ಚಿನ್ನದ ಪದಕ ತಂದರು. ಅಲ್ಲಿಯವರೆಗೆ ಇಸ್ಪೀಟೆಂದರೆ ಮೂಗು ಮುರಿಯುತ್ತಿದ್ದ ಮನೆಗಳಲ್ಲಿಯೂ ಈ ಆಟದ ಬಗ್ಗೆ ಕುತೂಹಲ ಹುಟ್ಟಿತು. ಹಿಮಾಯತ್‌ನಗರದ ನಮ್ಮ ಬಂಧುಗಳು ಮನೆಯ ಮೇಜಿನಿಂದ ಪಂದ್ಯದ ಮೇಜಿಗೆ ಹೋಗುವುದಾದರೆ ಮೊದಲು ಎಡವುವುದು ಎಲೆ ಆಡುವಲ್ಲಿ ಅಲ್ಲ, ಬಿಡ್‌ನ ಅರ್ಥ ತಿಳಿಸುವ ನಿಯಮದಲ್ಲಿ.

ಬ್ರಿಡ್ಜ್‌ನಲ್ಲಿ ಜೊತೆಗಾರರ ನಡುವೆ ಗುಟ್ಟಿನ ಒಪ್ಪಂದಕ್ಕೆ ಅವಕಾಶವಿಲ್ಲ. ಎಲೆಗಳು ಗುಟ್ಟು, ಬಿಡ್‌ನ ಅರ್ಥ ಬಹಿರಂಗ. ಉದಾಹರಣೆಗೆ, ಪತಿಯು ‘ಒಂದು ನೋ ಟ್ರಂಪ್’ ಎಂದಾಗ ಪತ್ನಿಯು ‘ಎರಡು ಡೈಮಂಡ್’ ಎನ್ನುತ್ತಾರೆ. ಅವರ ಒಪ್ಪಂದದಂತೆ ಇದಕ್ಕೆ ಡೈಮಂಡ್‌ನ ಸಂಬಂಧವಿಲ್ಲ. ತಮ್ಮಲ್ಲಿ ಐದು ಅಥವಾ ಹೆಚ್ಚು ಹಾರ್ಟ್, ಅಂದರೆ ನಮ್ಮ ಹಿರಿಯರ ಆಠೀನು, ಇದೆಯೆಂಬ ಸೂಚನೆ. ಎದುರಾಳಿಗಳು ಮೋಸಹೋಗದಂತೆ ಎಚ್ಚರಿಸುವುದೇ ಅಲರ್ಟ್. ಎಚ್ಚರಿಸಬೇಕಾದವರು ಬಿಡ್ ಮಾಡಿದ ಪತ್ನಿಯಲ್ಲ, ಪತಿ. ಅಲರ್ಟ್ ಕಾರ್ಡು ತೋರಿಸಿ ಅಥವಾ ‘ಅಲರ್ಟ್’ ಎಂದು ಹೇಳಿ ಸುಮ್ಮನಿರಬೇಕು. ಎದುರಾಳಿಯು ತನ್ನ ಸರದಿಯಲ್ಲಿ ಕೇಳಿದರೆ ಮಾತ್ರ ವಿವರಿಸಬೇಕು. ಘೋಷಣೆಯಲ್ಲಿ ಪ್ರಶ್ನೆಗೆ ಕಾಯದೆ ಅರ್ಥವನ್ನೇ ಚುಟುಕಾಗಿ ಹೇಳಲಾಗುತ್ತದೆ: ಇಂಗ್ಲೆಂಡಿನ ಪಂದ್ಯಗಳಲ್ಲಿ ನೋ ಟ್ರಂಪ್ ಆರಂಭಕ್ಕೆ ‘12ರಿಂದ 14’, ಮೇಲಿನ ಬಿಡ್‌ಗೆ ‘ಹಾರ್ಟ್ಸ್’ ಎನ್ನುವ ಪದ್ಧತಿಯಿದೆ.

ಯಾವುದಕ್ಕೆ ಅಲರ್ಟ್ ಎಂಬುದು ಎಲ್ಲೆಡೆ ಒಂದೇ ಅಲ್ಲ. ಪಂದ್ಯ ನಡೆಸುವ ಸಂಸ್ಥೆ ನಿರ್ಧರಿಸುತ್ತದೆ. ವಿಶ್ವ ಬ್ರಿಡ್ಜ್ ಒಕ್ಕೂಟದ ನೀತಿಯಂತೆ, ಪರದೆಯಿಲ್ಲದ ಆಟದಲ್ಲಿ ಡಬಲ್‌ಗೆ ಅಲರ್ಟ್ ಇಲ್ಲ.

ಇನ್ನು ಹೆಚ್ಚಿನ ಜಗಳಗಳ ಮೂಲಕ್ಕೆ ಬರೋಣ. ಪತ್ನಿಯು ಒಪ್ಪಂದವನ್ನು ಮರೆತು ನಿಜವಾಗಿಯೂ ಡೈಮಂಡ್ ಎಂದೇ ಹೇಳಿದ್ದರೆನ್ನಿ. ಪತಿಯ ಅಲರ್ಟ್ ಕೇಳಿದೊಡನೆ ತಪ್ಪು ಅರಿವಾಗುತ್ತದೆ. ಆದರೆ ಅಲರ್ಟ್ ಇರುವುದು ಎದುರಾಳಿಗಳ ಕಿವಿಗೆ. ಜೊತೆಗಾರರಿಗೆ ಅದು ಅನಧಿಕೃತ ಮಾಹಿತಿ. ಅವರು ಅಲರ್ಟ್ ಕೇಳಿಯೇ ಇಲ್ಲವೆಂಬಂತೆ ಬಿಡ್ ಮುಂದುವರಿಸಬೇಕು. ಆಟದಲ್ಲಿ ಇದಕ್ಕಿಂತ ಕಷ್ಟದ ಸಂಯಮ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ವಿವರಣೆಯೇ ತಪ್ಪಾದರೆ? ಪತಿ ತಪ್ಪು ಅರ್ಥ ಹೇಳಿದಾಗ ಹರಾಜಿನ ನಡುವೆ ಪತ್ನಿ ತಿದ್ದುವಂತಿಲ್ಲ, ಹುಬ್ಬು ಏರಿಸುವಂತೆಯೂ ಇಲ್ಲ. 2017ರ ನಿಯಮಾವಳಿಯ ಪ್ರಕಾರ, ಆ ಜೋಡಿ ಕಾಂಟ್ರಾಕ್ಟ್ ಆಡುವ ಪಕ್ಷವಾದರೆ ಕೊನೆಯ ಪಾಸ್ ಆದಮೇಲೆ, ಮೊದಲ ಎಲೆ ಬೀಳುವ ಮುನ್ನ, ಆಕೆ ನಿರ್ದೇಶಕರನ್ನು ಕರೆದು ಎದುರಾಳಿಗಳಿಗೆ ತಿಳಿಸಬೇಕು. ರಕ್ಷಣೆಯ ಪಕ್ಷವಾದರೆ ಆಟ ಮುಗಿಯುವವರೆಗೂ ಬಾಯಿ ಬಿಡಬಾರದು. ಮುಗಿದ ಮೇಲೆ ಹೇಳಲೇಬೇಕು. ಕೊಡಬೇಕಾದ ಅಲರ್ಟ್ ಕೊಡದಿರುವುದೂ ತಪ್ಪು ವಿವರಣೆಗೆ ಸಮ. ತಪ್ಪು ಹೇಳಿದ ಪತಿಗೆ ತಾನಾಗಿ ನೆನಪಾದರೆ ಆತ ಕಾಯಬೇಕಿಲ್ಲ. ಕೂಡಲೇ ನಿರ್ದೇಶಕರನ್ನು ಕರೆದು ತಿದ್ದಿಕೊಳ್ಳಬಹುದು. ತಪ್ಪು ಮಾಹಿತಿಯಿಂದ ಎದುರಾಳಿಗೆ ನಷ್ಟವಾಗಿದ್ದರೆ ನಿರ್ದೇಶಕರು ಅಂಕವನ್ನು ಹೊಂದಿಸಿ ಕೊಡುತ್ತಾರೆ. ನಿರ್ದೇಶಕರನ್ನು ಕರೆಯುವುದು ದೂರು ಕೊಟ್ಟಂತಲ್ಲ. ಅದಕ್ಕಾಗಿ ಮುಖ ಗಂಟಿಕ್ಕಬೇಕಿಲ್ಲ.

ದೊಡ್ಡ ಪಂದ್ಯಗಳಲ್ಲಿ 1975ರ ಬರ್ಮುಡಾ ಬೌಲ್‌ನಿಂದ ಮೇಜಿನ ನಡುವೆ ಪರದೆ ಬಂದಿದೆ. ಅಲ್ಲಿ ಆಟಗಾರನು ತನ್ನ ಬಿಡ್ಡನ್ನೂ ಪಕ್ಕದ ಎದುರಾಳಿಗೆ ತಾನೇ ಅಲರ್ಟ್ ಮಾಡುತ್ತಾನೆ. ಅಂತರಜಾಲದ ಆಟದಲ್ಲೂ ಹೀಗೆಯೇ: ಬಿಡ್ ಮಾಡಿದವರೇ ವಿವರ ಬರೆಯುತ್ತಾರೆ, ಜೊತೆಗಾರರಿಗೆ ಅದು ಕಾಣಿಸದು. ಕೊರೊನಾ ಕಾಲದಲ್ಲಿ ಗಣಕದ ಮುಂದೆ ಆಡಲು ಕಲಿತವರು ಮೇಜಿಗೆ ಬಂದಾಗ ತಮ್ಮ ಬಿಡ್ಡಿನ ಅರ್ಥವನ್ನು ತಾವೇ ಹೇಳಿಬಿಡುವ ಸಂಭವವಿದೆ. ಅಂಥವರು ಮೊದಲ ಪಂದ್ಯಕ್ಕೆ ಮುನ್ನ ಜೊತೆಗಾರರೊಡನೆ ಕುಳಿತು, ಒಪ್ಪಂದಗಳನ್ನು ಕನ್ವೆನ್ಷನ್ ಕಾರ್ಡಿನಲ್ಲಿ ಬರೆದು, ಎದುರಾಳಿಗಳಿಗೆ ಕಾಣುವಂತೆ ಮೇಜಿನ ಮೇಲೆ ಇಡುವುದು ಲೇಸು.